ಮನೆಗೆ ಹಿಟ್ಟಿನ ಗಿರಣಿ ಬೇಕೇ? ಕಲ್ಲು, ಸ್ಟೀಲು, ಬಿಸಿ: ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಮನೆಯಲ್ಲೇ ಹಿಟ್ಟು ಬೀಸುವ ಯಂತ್ರಗಳ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು ಬಗೆಯವು ಹೆದರಿಸುತ್ತವೆ: ಗಿರಣಿಯ ಬಿಸಿಗೆ ಧಾನ್ಯದ ಸತ್ವವೆಲ್ಲ ಸುಟ್ಟು ಹೋಗುತ್ತದೆ, ಸ್ಟೀಲ್ ಬ್ಲೇಡಿನಿಂದ ಹಿಟ್ಟು ವಿಷವಾಗುತ್ತದೆ, ಪ್ಯಾಕೆಟ್ ಹಿಟ್ಟಿನಲ್ಲಿ ಪ್ಲಾಸ್ಟಿಕ್ ಇದೆ. ಇನ್ನೊಂದು ಬಗೆಯವು ಆಸೆ ಹುಟ್ಟಿಸುತ್ತವೆ: ಕಲ್ಲಿನ ಗಿರಣಿಯ ಹಿಟ್ಟು ತಿಂದರೆ ಶುಗರ್ ಇಳಿಯುತ್ತದೆ, ಯಂತ್ರಕ್ಕೆ ಹಾಕಿದ ಹಣ ಒಂದೆರಡು ವರ್ಷದಲ್ಲಿ ವಾಪಸ್ ಬರುತ್ತದೆ. ಇವನ್ನು ನಂಬಿ ಸಾವಿರಾರು ರೂಪಾಯಿ ಕೊಟ್ಟು ಯಂತ್ರ ತಂದವರೂ ಇದ್ದಾರೆ, ಹೆದರಿ ರಾಗಿ ಬೀಸಿಸುವುದನ್ನೇ ಬಿಟ್ಟವರೂ ಇದ್ದಾರೆ.

ನಾವು ಇಲ್ಲಿ ಒಂದೊಂದೇ ಮಾತನ್ನು ತೆಗೆದುಕೊಂಡು ನೋಡೋಣ. ನಂತರ ಯಾವ ಮನೆಗೆ ಯಾವ ಗಿರಣಿ ಹೊಂದುತ್ತದೆ, ಯಾರಿಗೆ ಅದು ನಿಜವಾಗಿ ಅಗತ್ಯ, ಯಾರಿಗೆ ಬೀದಿಯ ಫ್ಲೋರ್ ಮಿಲ್ಲೇ ಸಾಕು ಎಂದು ತಿಳಿಯೋಣ.

ಮೊದಲು, ಕಾಳಿನೊಳಗೆ ಏನಿದೆ?

ಗೋಧಿ ಕಾಳಿನಲ್ಲಿ ಮೂರು ಭಾಗಗಳಿವೆ. ಹೊರಗಿನ ತೌಡಿನ ಪದರ ಸುಮಾರು 14%, ಮೊಳಕೆ ಒಡೆಯುವ ಭ್ರೂಣ ಸುಮಾರು 3%, ಉಳಿದ 83% ಒಳಗಿನ ಬಿಳಿ ತಿರುಳು. ನಾರು, ಖನಿಜಗಳು ಮತ್ತು ಬಿ ಗುಂಪಿನ ವಿಟಮಿನ್‌ಗಳು ಹೆಚ್ಚಾಗಿ ಇರುವುದು ತೌಡು ಮತ್ತು ಭ್ರೂಣದಲ್ಲಿ. ಎಣ್ಣೆಯಂಶ ಹೆಚ್ಚಿರುವುದು ಭ್ರೂಣದಲ್ಲಿ. ತಿರುಳಿನಲ್ಲಿ ಮುಖ್ಯವಾಗಿ ಪಿಷ್ಟ ಮತ್ತು ಪ್ರೋಟೀನ್ ಇರುತ್ತವೆ.

ಮೈದಾ ಎಂದರೆ ತೌಡು ಮತ್ತು ಭ್ರೂಣ ತೆಗೆದ ತಿರುಳಿನ ಹಿಟ್ಟು. ಇಡೀ ಕಾಳನ್ನು ಬೀಸಿ ಏನನ್ನೂ ತೆಗೆಯದಿದ್ದರೆ ಅದು ಪೂರ್ಣ ಹಿಟ್ಟು. ರಾಗಿಯ ಮಾತು ಬೇರೆ. ಕಾಳು ತೀರಾ ಚಿಕ್ಕದು, ಸಿಪ್ಪೆ ಒಳಗಿನ ತಿರುಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹಾಗಾಗಿ ರಾಗಿಯನ್ನು ಸಾಮಾನ್ಯವಾಗಿ ಸಿಪ್ಪೆ ಸಮೇತ ಬೀಸುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎನ್ನುವುದು ಇಡೀ ರಾಗಿಯ ಲೆಕ್ಕ.

ಇದನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಸತ್ವ ಉಳಿಯಿತೋ ಹೋಯಿತೋ ಎಂಬುದನ್ನು ಮೊದಲು ನಿರ್ಧರಿಸುವುದು ಗಿರಣಿಯಲ್ಲ, ಬೀಸಿದ ಮೇಲೆ ನೀವು ಹಿಡಿಯುವ ಜರಡಿ. ದುಬಾರಿ ಗಿರಣಿಯಲ್ಲಿ ಬೀಸಿ, ಸಣ್ಣ ಜರಡಿಯಲ್ಲಿ ಸೋಸಿ ತೌಡನ್ನು ಹಸುವಿಗೆ ಹಾಕಿದರೆ ಪೂರ್ಣ ಹಿಟ್ಟಿನ ಲಾಭ ಹಸುವಿಗೇ ಸೇರುತ್ತದೆ.

ಹೇಳಿಕೆ 1: ಕಲ್ಲಿನ ಗಿರಣಿ ತಂಪು, ಸ್ಟೀಲ್ ಗಿರಣಿ ಬಿಸಿ

ವಾಸ್ತವ: ಕೈಯಲ್ಲಿ ತಿರುಗಿಸುವ ಬೀಸುವ ಕಲ್ಲಿನ ಮಟ್ಟಿಗೆ ಇದು ನಿಜ. ಅದು ನಿಧಾನವಾಗಿ ತಿರುಗುವುದರಿಂದ ಹೆಚ್ಚು ಬಿಸಿಯಾಗುವುದಿಲ್ಲ. ಮೋಟಾರಿನಿಂದ ತಿರುಗುವ ಕಲ್ಲಿಗೆ ಇದು ಅನ್ವಯಿಸುವುದಿಲ್ಲ. ಎರಡು ಕಲ್ಲುಗಳು ವೇಗವಾಗಿ ಉಜ್ಜಿದಾಗ ಕಾಳಿನ ಮೇಲೆ ಬೀಳುವ ಘರ್ಷಣೆಯೇ ಶಾಖವಾಗುತ್ತದೆ.

ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯ ವಿಜ್ಞಾನಿಗಳು ನಾಲ್ಕು ಬಗೆಯ ಗಿರಣಿಗಳಲ್ಲಿ ಗೋಧಿ ಬೀಸಿ ಹೋಲಿಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಬೀಸುವಾಗ ಉಂಟಾದ ಉಷ್ಣತೆ ಹೀಗಿತ್ತು: ಕಲ್ಲಿನ ಗಿರಣಿಯಲ್ಲಿ 90 ಡಿಗ್ರಿ ಸೆಲ್ಸಿಯಸ್, ಪ್ಲೇಟ್ ಗಿರಣಿಯಲ್ಲಿ 85, ಹ್ಯಾಮರ್ ಗಿರಣಿಯಲ್ಲಿ 55, ರೋಲರ್ ಗಿರಣಿಯಲ್ಲಿ 35. ಅಂದರೆ ಅತಿ ಹೆಚ್ಚು ಬಿಸಿಯಾದದ್ದು ಕಲ್ಲೇ. ಮನೆ ಬಳಕೆಗೆ ಮಾರುವ ಹೆಚ್ಚಿನ ಯಂತ್ರಗಳು ಹ್ಯಾಮರ್ ಜಾತಿಯವು. ಫಾರ್ವರ್ಡ್ ಹೇಳುವುದಕ್ಕೂ ಅಳತೆ ತೋರಿಸುವುದಕ್ಕೂ ಪೂರ್ತಿ ವಿರುದ್ಧ.

ಹಾಗೆಂದು ಕಲ್ಲಿನ ಹಿಟ್ಟು ಕೆಟ್ಟದ್ದೆಂದು ಹೇಳುವಂತಿಲ್ಲ. ಚಕ್ಕಿಯ ಒತ್ತಡಕ್ಕೂ ಬಿಸಿಗೂ ಪಿಷ್ಟದ ಕಣಗಳು ಬಿರುಕು ಬಿಡುತ್ತವೆ. ಬಿರುಕು ಬಿಟ್ಟ ಪಿಷ್ಟ ನೀರನ್ನು ಹೆಚ್ಚು ಹೀರುತ್ತದೆ. ಚಕ್ಕಿ ಹಿಟ್ಟಿನ ಚಪಾತಿ ಮೆತ್ತಗೆ ಬರುವುದಕ್ಕೆ ಇದೇ ಒಂದು ಮುಖ್ಯ ಕಾರಣ. ಅದೇ ಚಪಾತಿಯನ್ನು ಮೈದಾ ಗಿರಣಿಯ ತಂಪಾದ ಹಿಟ್ಟಿನಲ್ಲಿ ಮಾಡಿದರೆ ಬೇಗ ಗಟ್ಟಿಯಾಗುತ್ತದೆ.

ಹೇಳಿಕೆ 2: ಗಿರಣಿಯ ಬಿಸಿಗೆ ಪೋಷಕಾಂಶಗಳೆಲ್ಲ ನಾಶ

ವಾಸ್ತವ: ಕ್ಯಾಲ್ಸಿಯಂ, ಕಬ್ಬಿಣ, ಸತು ಇವು ಖನಿಜಗಳು. 90 ಡಿಗ್ರಿಯಲ್ಲಿ ಅಲ್ಲ, ಬೆಂಕಿಯಲ್ಲಿ ಸುಟ್ಟರೂ ಬೂದಿಯಲ್ಲಿ ಉಳಿಯುತ್ತವೆ. ನಾರು ಆ ಬಿಸಿಗೆ ಹಾಳಾಗುವುದಿಲ್ಲ. ಮೈಸೂರಿನ ಅಧ್ಯಯನದಲ್ಲಿ ಹೆಚ್ಚು ಬಿಸಿಯಾದ ಗಿರಣಿಗಳ ಹಿಟ್ಟಿನಲ್ಲಿ ಕೆಲವು ಅಮೈನೋ ಆಮ್ಲಗಳು ಮತ್ತು ಅಪರ್ಯಾಪ್ತ ಕೊಬ್ಬಿನಾಮ್ಲಗಳು ಕಡಿಮೆಯಾದದ್ದು ಕಂಡುಬಂತು. ಆದ್ದರಿಂದ ನಷ್ಟ ಸೊನ್ನೆಯಲ್ಲ, ‘ಎಲ್ಲವೂ ನಾಶ’ ಎನ್ನುವುದಂತೂ ಅಲ್ಲ.

ಇನ್ನೊಂದು ಮಾತು. ಹಿಟ್ಟನ್ನು ನಾವು ಹಸಿಯಾಗಿ ತಿನ್ನುವುದಿಲ್ಲ. ಮುದ್ದೆಗೆ ಕುದಿಯುವ ಎಸರಿನಲ್ಲಿ ಹತ್ತಾರು ನಿಮಿಷ ಬೇಯಿಸುತ್ತೇವೆ, ರೊಟ್ಟಿಯನ್ನು ಕಾದ ಹಂಚಿನ ಮೇಲೆ ಸುಡುತ್ತೇವೆ. ಬಿಸಿಗೆ ಸೂಕ್ಷ್ಮವಾದ ಥಯಾಮಿನ್‌ನಂತಹ ವಿಟಮಿನ್‌ಗೆ ಗಿರಣಿಗಿಂತ ದೊಡ್ಡ ಪರೀಕ್ಷೆ ಒಲೆಯ ಮೇಲೆ ಕಾದಿರುತ್ತದೆ.

ಗಿರಣಿಯ ಬಿಸಿಯಿಂದ ನಿಜವಾದ ತೊಂದರೆ ಬರುವುದು ಬೇರೆ ಕಡೆಯಿಂದ. ಬಿಸಿ ಹಿಟ್ಟನ್ನು ಹಾಗೇ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದರೆ ಒಳಗೆ ಆವಿ ನೀರಾಗಿ ಹಿಟ್ಟು ಗಂಟುಕಟ್ಟುತ್ತದೆ, ಬೂಸ್ಟು ಹಿಡಿಯುತ್ತದೆ. ಗಿರಣಿಯಿಂದ ತಂದ ಹಿಟ್ಟನ್ನು ಅಗಲವಾದ ತಟ್ಟೆ ಅಥವಾ ಶುಭ್ರ ಬಟ್ಟೆಯ ಮೇಲೆ ಹರವಿ, ಪೂರ್ತಿ ಆರಿದ ಮೇಲೆ ತುಂಬಿಡಿ. ಅಜ್ಜಿಯರು ಮಾಡುತ್ತಿದ್ದ ಈ ಕೆಲಸಕ್ಕೆ ಗಟ್ಟಿ ಕಾರಣವಿದೆ.

ಹೇಳಿಕೆ 3: ಸ್ಟೀಲ್ ವಿಷ, ಕಲ್ಲು ಶುದ್ಧ

ವಾಸ್ತವ: ಎರಡೂ ಸವೆಯುತ್ತವೆ. ಸವೆದದ್ದು ಹಿಟ್ಟಿಗೇ ಸೇರುತ್ತದೆ. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಬಹಳ ನಿಧಾನವಾಗಿ ಸವೆಯುತ್ತದೆ. ನಮ್ಮ ಪಾತ್ರೆ, ಚಮಚಗಳೂ ಅದರವೇ. ತೊಂದರೆ ಬರುವುದು ಬ್ಲೇಡ್ ಸಡಿಲವಾಗಿ ಜಾಲರಿಗೆ ಉಜ್ಜಿದಾಗ, ಅಥವಾ ಕಳಪೆ ಕಬ್ಬಿಣದ ಪ್ಲೇಟುಗಳು ಒಂದಕ್ಕೊಂದು ತಗುಲಿದಾಗ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಅಯಸ್ಕಾಂತ ಹಾಕಿ ಹಿಟ್ಟಿನಲ್ಲಿ ಆಡಿಸಿ. ಕಪ್ಪು ಲೋಹದ ಚೂರುಗಳು ಪದೇಪದೇ ಅಂಟಿದರೆ ಯಂತ್ರ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ಬ್ಲೇಡ್ ಸ್ಟೇನ್‌ಲೆಸ್ ಸ್ಟೀಲಿನದಾದರೆ ಅದರ ಚೂರು ಅಯಸ್ಕಾಂತಕ್ಕೆ ಅಂಟದೆಯೂ ಇರಬಹುದು. ಆಗ ಯಂತ್ರದಿಂದ ಲೋಹ ಉಜ್ಜುವ ಸದ್ದು ಬರುತ್ತಿದೆಯೇ ಎಂದು ಗಮನಿಸಿ.

ಕಲ್ಲು ಸವೆದರೆ ಹಿಟ್ಟಿಗೆ ಮರಳಿನಂತಹ ಪುಡಿ ಸೇರುತ್ತದೆ. ಪ್ರಾಚೀನ ಈಜಿಪ್ಟಿನ ಮಮ್ಮಿಗಳ ಹಲ್ಲುಗಳು ವಿಪರೀತ ಸವೆದಿವೆ. ಬೀಸುವ ಕಲ್ಲಿನಿಂದ ರೊಟ್ಟಿಗೆ ಸೇರಿದ ಪುಡಿ ಮತ್ತು ಮರಳು ಇದಕ್ಕೆ ಕಾರಣ ಎನ್ನುತ್ತಾರೆ ಅಧ್ಯಯನ ಮಾಡಿದವರು. ಇಂದಿನ ಗಿರಣಿಯ ‘ಕಲ್ಲು’ ಹೆಚ್ಚಾಗಿ ಬೆಟ್ಟದಿಂದ ಕಡಿದು ತಂದದ್ದಲ್ಲ, ಎಮರಿಯಂತಹ ಗಟ್ಟಿ ಹರಳುಗಳನ್ನು ಅಂಟುವಸ್ತುವಿನಲ್ಲಿ ಕಲಸಿ ಅಚ್ಚು ಹಾಕಿದ್ದು. ಹೊಸ ಕಲ್ಲು ಹಾಕಿದಾಗ, ಅಥವಾ ಉಳಿಯಿಂದ ಹಳೆ ಕಲ್ಲನ್ನು ಮತ್ತೆ ತರಿ ಮಾಡಿಸಿದಾಗ, ಮೊದಲು ಬೀಸಿದ ಒಂದೆರಡು ಕೆಜಿ ಹಿಟ್ಟನ್ನು ಬಳಸಬಾರದು.

ಕಲ್ಲಿನ ಗಿರಣಿ ವಿಷವನ್ನೇ ತಂದ ದಾಖಲೆಯೂ ಇದೆ. 1980ರ ದಶಕದ ಆರಂಭದಲ್ಲಿ ಪ್ಯಾಲೆಸ್ಟೀನ್‌ನ ವೆಸ್ಟ್ ಬ್ಯಾಂಕ್ ಪ್ರದೇಶದ ಹಳ್ಳಿಯೊಂದರಲ್ಲಿ ಜನರಿಗೆ ಸೀಸದ ವಿಷ ಏರಿತು. ವೈದ್ಯರು ಹುಡುಕಿದಾಗ ಮೂಲ ಸಿಕ್ಕಿದ್ದು ಊರಿನ ಹಿಟ್ಟಿನ ಗಿರಣಿಯಲ್ಲಿ. ಗಿರಣಿ ಕಲ್ಲನ್ನು ಅಚ್ಚಿಗೆ ಭದ್ರಪಡಿಸಲು ಕರಗಿಸಿದ ಸೀಸ ಸುರಿದಿದ್ದರು. ಅದು ಸವೆದು ಹಿಟ್ಟಿಗೆ ಬೆರೆತಿತ್ತು. ಇದರ ಪಾಠ ಎಲ್ಲ ಕಲ್ಲಿನ ಗಿರಣಿಗಳೂ ಅಪಾಯ ಎಂದಲ್ಲ. ಹೆಸರು ‘ಕಲ್ಲು’ ಎಂದಿದ್ದ ಮಾತ್ರಕ್ಕೆ ಶುದ್ಧ ಎಂದುಕೊಳ್ಳಬಾರದು, ಯಂತ್ರವನ್ನು ಹೇಗೆ ಜೋಡಿಸಿ, ಹೇಗೆ ರಿಪೇರಿ ಮಾಡಿದ್ದಾರೆ ಎಂಬುದು ಮುಖ್ಯ, ಅಷ್ಟೇ.

ಹೇಳಿಕೆ 4: ತೊಳೆದಾಗ ರಬ್ಬರಿನಂತೆ ಉಳಿದರೆ ಅದು ಪ್ಲಾಸ್ಟಿಕ್ ಹಿಟ್ಟು

ವಾಸ್ತವ: ಅದು ಗ್ಲುಟೆನ್. ಗೋಧಿಯಲ್ಲಿ ಸಹಜವಾಗಿರುವ ಪ್ರೋಟೀನ್. ಗೋಧಿ ಹಿಟ್ಟಿನ ಕಣಕವನ್ನು ನೀರಿನಲ್ಲಿ ಹಿಸುಕುತ್ತಾ ತೊಳೆದರೆ ಪಿಷ್ಟ ಹಾಲಿನಂತೆ ಹರಿದುಹೋಗಿ, ಎಳೆದರೆ ಹಿಗ್ಗುವ ಅಂಟು ಉಂಡೆ ಉಳಿಯುತ್ತದೆ. ನೀವೇ ಆರಿಸಿದ ಗೋಧಿಯನ್ನು ನಿಮ್ಮ ಕಣ್ಣೆದುರೇ ಬೀಸಿಸಿ ಇದೇ ಪರೀಕ್ಷೆ ಮಾಡಿ, ಅದೇ ‘ಪ್ಲಾಸ್ಟಿಕ್’ ಬರುತ್ತದೆ. ರಾಗಿ ಅಥವಾ ಜೋಳದ ಹಿಟ್ಟಿನಲ್ಲಿ ಮಾಡಿದರೆ ಏನೂ ಉಳಿಯುವುದಿಲ್ಲ, ಏಕೆಂದರೆ ಅವುಗಳಲ್ಲಿ ಗ್ಲುಟೆನ್ ಇಲ್ಲ. ಈ ವಿಡಿಯೋ ನೋಡಿ ಹೆದರಿ ಗಿರಣಿ ಕೊಳ್ಳುವ ಅಗತ್ಯವಿಲ್ಲ.

ಹೇಳಿಕೆ 5: ಕಲ್ಲಿನ ಗಿರಣಿ ಹಿಟ್ಟು ತಿಂದರೆ ಶುಗರ್ ಇಳಿಯುತ್ತದೆ

ವಾಸ್ತವ: ಇಲ್ಲಿ ಮುಖ್ಯವಾದದ್ದು ಕಲ್ಲೋ ಸ್ಟೀಲೋ ಎಂಬುದಲ್ಲ, ಹಿಟ್ಟು ಎಷ್ಟು ನುಣುಪು ಎಂಬುದು. 1988ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್‌ನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಗೋಧಿಯನ್ನು ಇಡೀ ಕಾಳು, ಒಡೆದ ಕಾಳು, ತರಿ ಹಿಟ್ಟು, ನುಣ್ಣನೆಯ ಹಿಟ್ಟು ಹೀಗೆ ನಾಲ್ಕು ರೂಪದಲ್ಲಿ ಜನರಿಗೆ ತಿನ್ನಿಸಿ ರಕ್ತ ಪರೀಕ್ಷಿಸಿದರು. ಕಣ ಸಣ್ಣದಾದಂತೆ ದೇಹ ಸುರಿಸಿದ ಇನ್ಸುಲಿನ್ ಮೆಟ್ಟಿಲು ಮೆಟ್ಟಿಲಾಗಿ ಏರಿತು. ನುಣುಪಾದ ಕಣವನ್ನು ಜೀರ್ಣರಸಗಳು ಬೇಗ ಒಡೆಯುತ್ತವೆ, ಅಷ್ಟೇ ಬೇಗ ಸಕ್ಕರೆ ರಕ್ತಕ್ಕೆ ಸೇರುತ್ತದೆ.

ಹಾಗಾಗಿ ಡಯಾಬಿಟಿಸ್ ಇರುವವರು ಯಂತ್ರ ಬದಲಿಸುವುದಕ್ಕಿಂತ ‘ಸ್ವಲ್ಪ ತರಿಯಾಗಿ ಬೀಸಿ’ ಎಂದು ಗಿರಣಿಯವರಿಗೆ ಹೇಳುವುದು, ತೌಡು ಸೋಸದಿರುವುದು, ಒಮ್ಮೆಗೆ ತಿನ್ನುವ ಪ್ರಮಾಣ ಕಡಿಮೆ ಮಾಡುವುದು, ಜೊತೆಗೆ ಕಾಳು ಸೊಪ್ಪು ಹೆಚ್ಚಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ರಾಗಿ ಹಿಟ್ಟಿನ ಪಿಷ್ಟವೂ ಪಿಷ್ಟವೇ. ಯಾವ ಗಿರಣಿಯ ಹಿಟ್ಟೂ ಮಾತ್ರೆಗೆ ಬದಲಿಯಲ್ಲ. ಇಂತಹ ಫಾರ್ವರ್ಡ್ ನೋಡಿ ಔಷಧಿ ನಿಲ್ಲಿಸುವುದು ಅಪಾಯ.

ಹಾಗಾದರೆ ಮನೆ ಗಿರಣಿಯ ನಿಜವಾದ ಲಾಭವೇನು?

ತಾಜಾತನ. ಕಾಳು ಇಡಿಯಾಗಿರುವಾಗ ಅದರ ಎಣ್ಣೆ ಸುರಕ್ಷಿತವಾಗಿರುತ್ತದೆ. ಬೀಸಿದ ಕ್ಷಣದಿಂದ ಕಾಳಿನದೇ ಕಿಣ್ವಗಳು ಮತ್ತು ಗಾಳಿ ಆ ಎಣ್ಣೆಯ ಮೇಲೆ ಕೆಲಸ ಶುರುಮಾಡುತ್ತವೆ. ಸಜ್ಜೆಯಲ್ಲಿ ಸುಮಾರು 5% ಎಣ್ಣೆಯಂಶ ಇರುವುದರಿಂದ ಅದರ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗಿ ಕಮಟು ವಾಸನೆ ಬರುತ್ತದೆ. ಎಣ್ಣೆಯಂಶ ಕಡಿಮೆಯಿರುವ ರಾಗಿ ಹಿಟ್ಟು ಹೆಚ್ಚು ದಿನ ತಡೆಯುತ್ತದೆ. ಜೋಳದ ಹಿಟ್ಟು ಹಳತಾದರೆ ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತದೆ ಎಂಬುದು ಉತ್ತರ ಕರ್ನಾಟಕದ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಅಲ್ಲಿ ಜೋಳವನ್ನು ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ.

ಗಿರಣಿ ಮನೆಯಲ್ಲಿದ್ದರೆ ವಾರಕ್ಕೆ ಬೇಕಾದಷ್ಟೇ ಬೀಸಿಕೊಳ್ಳಬಹುದು. ಬೀದಿಯ ಗಿರಣಿ ಹತ್ತಿರವಿದ್ದು, ಎರಡು ಕೆಜಿ ಕೊಟ್ಟರೂ ಬೇಸರಿಸದೆ ಬೀಸಿಕೊಡುತ್ತಾರಾದರೆ ಇದೇ ಲಾಭ ಅಲ್ಲೂ ಸಿಗುತ್ತದೆ.

ಯಾರಿಗೆ ಮನೆ ಗಿರಣಿ ನಿಜವಾಗಿ ಅಗತ್ಯ?

ಮೊದಲನೆಯದಾಗಿ, ಮನೆಯಲ್ಲಿ ಸೀಲಿಯಾಕ್ ಕಾಯಿಲೆ ಇರುವವರಿದ್ದರೆ. ಇವರ ಕರುಳಿಗೆ ಗ್ಲುಟೆನ್ ತೀರಾ ಸ್ವಲ್ಪ ತಗುಲಿದರೂ ಹಾನಿ. ಒಂದು ಕೆಜಿ ಆಹಾರದಲ್ಲಿ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್ ರಹಿತ ಎಂದು ಮಾರುವಂತಿಲ್ಲ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿಸಿದರೆ, ಕಲ್ಲಿನ ಸಂದಿನಲ್ಲಿ ಉಳಿದ ಒಂದೆರಡು ಚಮಚ ಗೋಧಿ ಹಿಟ್ಟೇ ಆ ಮಿತಿಯನ್ನು ದಾಟಿಸಬಲ್ಲದು. ಇಂತಹವರ ಪಾಲಿಗೆ ಪ್ರತ್ಯೇಕ ಗಿರಣಿ ಚಿಕಿತ್ಸೆಯ ಭಾಗವೇ. ಆದರೆ ಅದೇ ಯಂತ್ರದಲ್ಲಿ ಮನೆಯ ಉಳಿದವರಿಗಾಗಿ ಗೋಧಿ ಬೀಸಿದರೆ ಕೊಂಡದ್ದು ವ್ಯರ್ಥ.

ಎರಡನೆಯದಾಗಿ, ಹತ್ತಿರದಲ್ಲಿ ಗಿರಣಿಯಿಲ್ಲದ, ದಿನವೂ ಜೋಳ ಸಜ್ಜೆಯ ರೊಟ್ಟಿ ತಿನ್ನುವ ದೊಡ್ಡ ಕುಟುಂಬಕ್ಕೆ. ಮೂರನೆಯದಾಗಿ, ಮಗುವಿನ ರಾಗಿ ಸರಿಗೆ ಮೆಣಸಿನಪುಡಿಯ ಘಾಟು ತಗುಲಬಾರದು ಎನ್ನುವವರಿಗೆ. ಆದರೆ ಅಷ್ಟು ಸಣ್ಣ ಪ್ರಮಾಣಕ್ಕೆ ಮಿಕ್ಸಿ ಮತ್ತು ಒಂದು ಸಣ್ಣ ಜರಡಿ ಸಾಕು. ಮೊಳಕೆ ಕಟ್ಟಿದ ರಾಗಿಯನ್ನು ಗರಿಗರಿಯಾಗಿ ಒಣಗಿಸಿ ಹುರಿದ ಮೇಲೆಯೇ ಬೀಸಬೇಕು.

ಖರ್ಚಿನ ಲೆಕ್ಕ

ಒಂದು ಉದಾಹರಣೆ ಹಾಕಿ ನೋಡೋಣ. ತಿಂಗಳಿಗೆ 12 ಕೆಜಿ ಹಿಟ್ಟು, ಗಿರಣಿಯಲ್ಲಿ ಕೆಜಿಗೆ 8 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳ ಖರ್ಚು 96 ರೂಪಾಯಿ. 1 ಎಚ್‌ಪಿ ಮೋಟಾರಿನ ಯಂತ್ರ ಗಂಟೆಗೆ ಸುಮಾರು 8 ಕೆಜಿ ಬೀಸಿ ಒಂದು ಯೂನಿಟ್ ವಿದ್ಯುತ್ ತಿಂದರೆ, 12 ಕೆಜಿಗೆ ಒಂದೂವರೆ ಯೂನಿಟ್, ಅಂದರೆ 10 ರೂಪಾಯಿಯ ಆಸುಪಾಸು. ಉಳಿತಾಯ 86 ರೂಪಾಯಿ. ಯಂತ್ರಕ್ಕೆ 18,000 ರೂಪಾಯಿ ಕೊಟ್ಟಿದ್ದರೆ ಆ ಹಣ ಮರಳಲು 17 ವರ್ಷಕ್ಕೂ ಹೆಚ್ಚು ಬೇಕು. ಬ್ಲೇಡ್, ಜಾಲರಿ, ರಿಪೇರಿ ಖರ್ಚು ಇದರಲ್ಲಿ ಸೇರಿಲ್ಲ. ನಿಮ್ಮ ಊರಿನ ದರ ಹಾಕಿ ನೀವೇ ಲೆಕ್ಕ ಮಾಡಿ. ಅನುಕೂಲಕ್ಕೆಂದು ಕೊಳ್ಳುವುದು ಸರಿ, ಹಣ ಉಳಿಯುತ್ತದೆಂದು ಕೊಳ್ಳುವ ಮುನ್ನ ಯೋಚಿಸಿ.

ಕೊಳ್ಳುವುದಾದರೆ ಯಾವುದು?

ಹ್ಯಾಮರ್ ಜಾತಿಯ ಚಕ್ಕಿ: ಕಪಾಟಿನಂತೆ ಕಾಣುವ ಯಂತ್ರ. ಒಳಗೆ ವೇಗವಾಗಿ ತಿರುಗುವ ಸ್ಟೀಲ್ ಬ್ಲೇಡುಗಳು ಕಾಳನ್ನು ಹೊಡೆದು ಪುಡಿ ಮಾಡುತ್ತವೆ. ನುಣುಪನ್ನು ನಿರ್ಧರಿಸುವುದು ಜಾಲರಿಯ ರಂಧ್ರ. ಜಾಲರಿ ಬದಲಿಸಿ ಹಿಟ್ಟು, ರವೆ, ನುಚ್ಚು ಮಾಡಬಹುದು. ಸ್ವಚ್ಛಗೊಳಿಸುವುದು ಸುಲಭ. ಸದ್ದು ಜೋರು, ಜಾಗ ಬೇಕು. ಹೆಚ್ಚಿನ ಮನೆಗಳಿಗೆ ಇದೇ ಹೊಂದುತ್ತದೆ.

ಕಲ್ಲಿನ ಸಣ್ಣ ಗಿರಣಿ: ಎರಡು ಕಲ್ಲುಗಳ ನಡುವಿನ ಅಂತರ ಬದಲಿಸಿ ನುಣುಪು ಹೊಂದಿಸಬೇಕು. ಚಪಾತಿ ಹಿಟ್ಟಿಗೆ ಚೆನ್ನ. ಎಣ್ಣೆಯಂಶ ಹೆಚ್ಚಿರುವ ಶೇಂಗಾ, ಎಳ್ಳು ಹಾಕಿದರೆ ಕಲ್ಲು ಮೆತ್ತಿಕೊಳ್ಳುತ್ತದೆ.

ಪಲ್ವರೈಸರ್: ಮೆಣಸಿನಕಾಯಿ, ಮಸಾಲೆ ಪುಡಿ ಮಾಡುವವರಿಗೆ. ಇದರಲ್ಲೇ ಹಿಟ್ಟೂ ಬೀಸಿದರೆ ರೊಟ್ಟಿಗೆ ಘಾಟು ಗ್ಯಾರಂಟಿ.

ಅಂಗಡಿಯಲ್ಲಿ ಕೇಳಬೇಕಾದದ್ದು ಇಷ್ಟು. ಧಾನ್ಯ ತಾಗುವ ಭಾಗಗಳು ಯಾವ ಲೋಹದವು? ಬಾಗಿಲು ತೆರೆದರೆ ಮೋಟಾರು ತಾನಾಗಿ ನಿಲ್ಲುತ್ತದೆಯೇ? ರಾಗಿಯಂತಹ ಸಣ್ಣ ಕಾಳಿಗೆ ಜಾಲರಿ ಜೊತೆಗೇ ಬರುತ್ತದೆಯೇ? ನಮ್ಮ ಊರಲ್ಲಿ ರಿಪೇರಿ ಮಾಡುವವರು ಇದ್ದಾರೆಯೇ? ಸಾಧ್ಯವಾದರೆ ಮನೆಯಿಂದ ಒಂದು ಕೆಜಿ ರಾಗಿ ಒಯ್ದು ಅಲ್ಲೇ ಬೀಸಿಸಿ ನೋಡಿ. ಗೋಧಿ ಬೀಸಿ ತೋರಿಸುವುದು ಸುಲಭ, ರಾಗಿಯಲ್ಲಿ ಯಂತ್ರದ ಗುಣ ಗೊತ್ತಾಗುತ್ತದೆ.

ಯಾವ ಗಿರಣಿಯೂ ಮಾಡಲಾರದ ಕೆಲಸ

ಕೆಟ್ಟ ಕಾಳನ್ನು ಒಳ್ಳೆಯ ಹಿಟ್ಟು ಮಾಡುವ ಯಂತ್ರ ಇಲ್ಲ. ಬೂಸ್ಟು ಹಿಡಿದ ಧಾನ್ಯದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಬೀಸಿದರೆ, ಬೇಯಿಸಿದರೆ ಅದು ಪೂರ್ತಿ ಹೋಗುವುದಿಲ್ಲ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು 100ಕ್ಕೂ ಹೆಚ್ಚು ಜನ ಯಕೃತ್ತು ಹಾಳಾಗಿ ಸತ್ತರು. ಮುಗ್ಗು ವಾಸನೆಯ, ಬಣ್ಣಗೆಟ್ಟ ಧಾನ್ಯವನ್ನು ‘ಬೀಸಿದರೆ ಗೊತ್ತಾಗಲ್ಲ’ ಎಂದು ಗಿರಣಿಗೆ ಹಾಕಬೇಡಿ. ಹಿಟ್ಟಾದ ಮೇಲೆ ನಿಜಕ್ಕೂ ಗೊತ್ತಾಗುವುದಿಲ್ಲ, ಅಪಾಯ ಇರುವುದೂ ಅದರಲ್ಲೇ. ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಬಿಸಿಲಿನಲ್ಲಿ ಒಣಗಿಸಿದ ಕಾಳನ್ನೇ ಹಾಕಿ.

ಬೀಸಿದ ಮೇಲೆ ಯಂತ್ರದೊಳಗಿನ ಹಿಟ್ಟನ್ನು ಒಣ ಬ್ರಷ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಹುಳು ಸೇರುತ್ತದೆ. ನೀರು ಹಾಕಬೇಡಿ. ಸ್ವಚ್ಛಗೊಳಿಸುವಾಗ ಸ್ವಿಚ್ ಆಫ್ ಮಾಡುವುದಷ್ಟೇ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಅರ್ಥಿಂಗ್ ಇರುವ ಮೂರು ಪಿನ್ ಸಾಕೆಟ್ ಬಳಸಿ. ಸೆರಗು, ದುಪಟ್ಟಾ, ಜಡೆ ಬಿಗಿಯಾಗಿರಲಿ, ಮಕ್ಕಳು ದೂರವಿರಲಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಮೋಟಾರಿನ ಕಲ್ಲಿನ ಗಿರಣಿ ತಂಪಲ್ಲ. ಮೈಸೂರಿನ ಅಧ್ಯಯನದಲ್ಲಿ ಅದೇ ಎಲ್ಲಕ್ಕಿಂತ ಬಿಸಿಯಾಗಿತ್ತು.
• ಬಿಸಿಗೆ ಖನಿಜ, ನಾರು ನಾಶವಾಗುವುದಿಲ್ಲ. ಸೋಸಿ ತೌಡು ಎಸೆದರೆ ಹೆಚ್ಚು ನಷ್ಟ.
• ಶುಗರ್ ಇರುವವರು ತರಿಯಾಗಿ ಬೀಸಿಸಿ, ಪ್ರಮಾಣ ಕಡಿಮೆ ಮಾಡಿ, ಔಷಧಿ ನಿಲ್ಲಿಸಬೇಡಿ.
• ತೊಳೆದಾಗ ಉಳಿಯುವ ರಬ್ಬರು ಪ್ಲಾಸ್ಟಿಕ್ ಅಲ್ಲ, ಗ್ಲುಟೆನ್.
• ಸೀಲಿಯಾಕ್ ಇರುವ ಮನೆಗೆ ಪ್ರತ್ಯೇಕ ಗಿರಣಿ ಅಗತ್ಯ. ಉಳಿದವರಿಗೆ ಅದು ಅನುಕೂಲ ಮಾತ್ರ.
• ಒಳ್ಳೆಯ ಕಾಳು, ಸೋಸದ ಹಿಟ್ಟು, ಸ್ವಲ್ಪ ಸ್ವಲ್ಪವೇ ಬೀಸಿಸುವುದು: ಈ ಮೂರೂ ಬೀದಿ ಕೊನೆಯ ಗಿರಣಿಯಲ್ಲೇ ಸಾಧ್ಯ.